ಹಲ್ಲು ಮಸೆಯುವ ಕೆಲಸ

ನಮ್ಮ ಭಾಷೆಯಲ್ಲಿ ಹಲ್ಲು ಮಸೆಯುವ ಕೆಲಸಕ್ಕೆ ಒಳ್ಳೆಯ ಹೆಸರಿಲ್ಲ. ಅಣ್ಣತಮ್ಮಂದಿರು ಹಲ್ಲು ಮಸೆಯುತ್ತಿದ್ದಾರೆಂದರೆ ತೋಟದ ಬೇಲಿಯ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿದೆ ಎಂದು ತಿಳಿಯಬೇಕು. ಕತ್ತಿ ಮಸೆಯುವ ಮಾತೂ ಅಂಥದೇ. ಕತ್ತಿ ಮಸೆಯದಿದ್ದರೆ ದನಕ್ಕೆ ಹುಲ್ಲಿಲ್ಲ, ಒಲೆಗೆ ಸೌದೆಯಿಲ್ಲ, ಮದುವೆಮನೆಯಲ್ಲಿ ಹಲಸಿನಕಾಯಿಯ ಹುಳಿಯಿಲ್ಲ. ಆದರೂ ಮಾತಿಗೆ ಬಂದಾಗ ಮಸೆಯುವವನೆಂದರೆ ಹಗೆ. ಉಪಕಾರ ಪಡೆದು ಅಪವಾದ ಹೊರಿಸುವ ಚಾಳಿ ಮನುಷ್ಯರಿಗೆ ಮಾತ್ರವಲ್ಲ, ಭಾಷೆಗೂ ಇದೆ ಎಂದಾಯಿತು.

ಯಾರ ಮೇಲೂ ಹಗೆಯಿಲ್ಲದೆ ದಿನಕ್ಕೆ ಮೂರು ನಾಲ್ಕು ಬಾರಿ ಹಲ್ಲು ಮಸೆಯುವ ಒಬ್ಬನನ್ನು ನಾನು ಬಲ್ಲೆ. ಒಂದು ಸಲ ಕೂತನೆಂದರೆ ೩೬ ಹಲ್ಲು. ಭಗವಂತ ನಮ್ಮ ಬಾಯಿಗೆ ಕೊಟ್ಟದ್ದಕ್ಕಿಂತ ನಾಲ್ಕು ಹೆಚ್ಚು. ಹಲ್ಲು ಅವನದಲ್ಲ, ಅವನ ಮಿಷನ್ನಿನದು. ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯಲ್ಲಿ ಅದನ್ನು ಮರ ಕೊಯ್ಯುವ ಮಿಷನ್ ಎನ್ನುತ್ತಾರೆ. ಪೇಟೆಯ ಅಂಗಡಿಯವನು ಚೈನ್ ಸಾ ಎಂದು ಹೇಳಿ ಬಿಲ್ಲಿಗೆ ನೂರು ರೂಪಾಯಿ ಹೆಚ್ಚು ಬರೆಯುತ್ತಾನೆ.

ಈತ ನನ್ನ ಹಳೆಯ ವಿದ್ಯಾರ್ಥಿ. ನಾನು ನಿವೃತ್ತನಾಗಿ ಬಹಳ ಕಾಲವಾಯಿತು. ಅವನ ಕಿವಿಯ ಪಕ್ಕದಲ್ಲೂ ನರೆ ಕಾಣಿಸಿಕೊಂಡಿದೆ. ಆದರೂ ನನ್ನನ್ನು ಕಂಡೊಡನೆ ಬಾಯಿಯ ಎಲೆಯಡಿಕೆಯನ್ನು ಬೇಲಿಯಾಚೆ ಉಗುಳಿ, "ಮೇಷ್ಟ್ರೇ, ಚೆನ್ನಾಗಿದೀರಾ?" ಎಂದೇ ಮುಂದಿನ ಮಾತು. ಶಾಲೆಯಲ್ಲಿ ಅವನದು ಹಿಂದಿನ ಬೆಂಚು. ಆ ಕೈಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ನಾನು ಹಲಗೆಯ ಕಡೆ ತಿರುಗಿದರೆ ಸಾಕು, ಬ್ಲೇಡಿನ ಚೂರಿನಲ್ಲಿ ಬೆಂಚಿನ ಅಂಚನ್ನು ಕೆತ್ತುತ್ತಿದ್ದ. ಆ ಕೈಗೆ ತಕ್ಕ ಕೆಲಸ ಆಗ ನಮ್ಮ ಪಠ್ಯಕ್ರಮದಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಮಿಷನ್ನಿನ ಸದ್ದು ಎರಡು ಗುಡ್ಡಗಳಾಚೆಗೂ ಕೇಳುತ್ತದೆ. ಕೇಳಿದವರೆಲ್ಲರೂ, "ಕೆಲಸ ನಡೆಯುತ್ತಿದೆ" ಎನ್ನುತ್ತಾರೆ. ಸದ್ದು ನಿಂತರೆ, "ಕಾಫಿಗೆ ಕೂತಿರಬೇಕು" ಎನ್ನುತ್ತಾರೆ. ಆದರೆ ಅವನ ಕಸುಬಿನ ಮುಖ್ಯ ಭಾಗ ನಡೆಯುವುದು ಸದ್ದು ನಿಂತ ಆ ಹೊತ್ತಿನಲ್ಲಿಯೇ. ಅದು ಕೇಳಬೇಕಾದರೆ ಹತ್ತಿರ ಹೋಗಿ ನಿಲ್ಲಬೇಕು. ಉಕ್ಕಿನ ಮೇಲೆ ಉಕ್ಕು ಉಜ್ಜುವ, ಜೀರುಂಡೆಯ ದನಿಯಂಥ ಸಣ್ಣ ಸದ್ದು. ಮೂರು ಸಲ ಕೇಳಿ ನಿಲ್ಲುತ್ತದೆ. ಮತ್ತೆ ಮೂರು ಸಲ.

ಕಳೆದ ಬೇಸಗೆಯಲ್ಲಿ ನಮ್ಮ ಹಿತ್ತಲಿನ ಒಣಗಿದ ಹಲಸಿನ ಮರವನ್ನು ತೆಗೆಯಲು ಅವನು ಬಂದಾಗ ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಕುರ್ಚಿ ಹಾಕಿಕೊಂಡು ನೋಡಿದೆ. ಪಕ್ಕದಲ್ಲಿದ್ದ ಹಳೆಯ ಬೊಡ್ಡೆಯೊಂದರಲ್ಲಿ ಮೊದಲು ಒಂದು ಸೀಳು ಕೊಯ್ದ. ಎಂಜಿನ್ ಆರಿಸಿ, ಸರಪಳಿ ಸುತ್ತುವ ಉಕ್ಕಿನ ಪಟ್ಟಿಯನ್ನು ಆ ಸೀಳಿಗೆ ಇಳಿಸಿ, ಅಲ್ಲಾಡದ ಹಾಗೆ ಒಂದು ಬೆಣೆ ಬಡಿದ. ಆ ಪಟ್ಟಿಗೆ ಅವನ ಬಾಯಲ್ಲಿ "ಬಾರು" ಎಂದು ಹೆಸರು; ಹದಿನೆಂಟು ಇಂಚು ಉದ್ದ. ಅದರ ಅಂಚಿನ ಗಾಡಿಯಲ್ಲಿ ಓಡುವ ಸರಪಳಿಗೆ ೩೬ ಹಲ್ಲು: ಎಡಕ್ಕೆ ಮುಖ ಮಾಡಿದವು ೧೮, ಬಲಕ್ಕೆ ಮುಖ ಮಾಡಿದವು ೧೮, ಒಂದರ ಹಿಂದೆ ಒಂದು. ಕೈಗೆ ದಪ್ಪ ಚೀಲ ತೊಟ್ಟ. ಎಲ್ಲಿಂದ ಹೊರಟೆನೆಂದು ಮರೆಯದಂತೆ ಒಂದು ಹಲ್ಲಿಗೆ ಸುಣ್ಣದ ಬೊಟ್ಟಿಟ್ಟ. ಆಮೇಲೆ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಅರವನ್ನು ತೆಗೆದ.

ಅರ ಎಂಬುದು ಎರಡಕ್ಷರದ ಹಳೆಯ ಮಾತು. ತಮಿಳರೂ ಇದನ್ನು ಅರಮ್ ಎಂದೇ ಕರೆಯುತ್ತಾರೆ. ಬಡಗಿಯ ಗರಗಸಕ್ಕೆ ಮೂರು ಮೂಲೆಯ ಅರ ಬೇಕು. ಈ ಸರಪಳಿಗೆ ದುಂಡನೆಯದು. ಎಲ್ಲ ದುಂಡು ಅರವೂ ಆಗುವುದಿಲ್ಲ. ಇವನ ಸರಪಳಿಯ ಅಳತೆಗೆ ೪.೮ ಮಿಲಿಮೀಟರು ದಪ್ಪದ್ದೇ ಆಗಬೇಕು; ಇನ್ನೊಂದು ಅಳತೆಯ ಸರಪಳಿಗೆ ೪; ದೊಡ್ಡ ಮಿಷನ್ನುಗಳಿಗೆ ೫.೫. ಹಲ್ಲಿನ ಕೊಕ್ಕಿನೊಳಗೆ ಅರವನ್ನು ಕೂರಿಸಿದಾಗ ಅದರ ಐದನೆಯ ಒಂದು ಭಾಗ ಹಲ್ಲಿನ ನೆತ್ತಿಗಿಂತ ಮೇಲೆ ಕಾಣಬೇಕು. ಹೆಚ್ಚು ಇಳಿದರೆ ಅಂಚು ತೆಳ್ಳಗಾಗಿ ಬೇಗ ಮುರಿಯುತ್ತದೆ. ಹೆಚ್ಚು ಎದ್ದರೆ ಹಲ್ಲು ಮರವನ್ನು ಕಚ್ಚುವುದೇ ಇಲ್ಲ. ಅರವನ್ನು ಬಾರಿಗೆ ಅಡ್ಡವಾಗಿ ನೆಟ್ಟಗೆ ಹಿಡಿಯುವಂತೆಯೂ ಇಲ್ಲ, ೩೦ ಡಿಗ್ರಿ ಓರೆ ಮಾಡಬೇಕು. ಹಲ್ಲಿನ ಹೊರಮೈಗೆ ಕ್ರೋಮಿಯಮ್ಮಿನ ತೆಳುವಾದ ಗಟ್ಟಿ ಲೇಪವಿದೆ. ಆದ್ದರಿಂದ ಒಳಗಿನಿಂದ ಹೊರಕ್ಕೆ ತಳ್ಳಬೇಕು. ತಳ್ಳುವಾಗ ಮಾತ್ರ ಅರ ತಿನ್ನುತ್ತದೆ. ಹಿಂದಕ್ಕೆ ತರುವಾಗ ಎತ್ತಿಕೊಂಡು ಬರಬೇಕು. ಎಳೆದುಕೊಂಡು ಬಂದರೆ ಅರದ ಹಲ್ಲು ಹೋಯಿತು.

ಹಲ್ಲಿಗೆ ಮೂರು ತಳ್ಳು. ಒಂದು ಕಡೆಯ ೧೮ ಮುಗಿಸಿ, ಎದ್ದು ಆಚೆ ಬದಿಗೆ ಹೋಗಿ ಕೂತು, ಉಳಿದ ೧೮. ನಾನು ಮೇಷ್ಟ್ರಾಗಿದ್ದವನು, ಲೆಕ್ಕ ತಾನಾಗಿ ತಲೆಗೆ ಬಂತು: ೩೬ ಮೂರಲೆ ೧೦೮. "ಅಷ್ಟೋತ್ತರವೇ ಆಯಿತಲ್ಲೋ!" ಎಂದೆ. ಅವನು ತಲೆಯೆತ್ತದೆ, "ಅದೆಲ್ಲ ನೀವು ಎಣಿಸ್ಕೊಳ್ಳಿ ಮೇಷ್ಟ್ರೇ, ನಂಗೆ ಎರಡೂ ಬದಿ ಒಂದೇ ಸಮ ಬಂದ್ರೆ ಸಾಕು" ಎಂದ. ಅದರ ಕಾರಣವನ್ನೂ ಆಮೇಲೆ ಹೇಳಿದ. ಬಲಗೈ ಬಳಸುವವನಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ತೊಡಕು. ಸಲೀಸಾದ ಬದಿಯ ಹಲ್ಲು ತಾನಾಗಿ ಹೆಚ್ಚು ಹರಿತವಾಗುತ್ತದೆ. ಆಗ ಸರಪಳಿ ಮರದೊಳಗೆ ನೇರವಾಗಿ ಇಳಿಯದೆ ಆ ಕಡೆಗೇ ಬಾಗಿ ಹೋಗುತ್ತದೆ. ಕೊಯ್ದ ಮುಖ ಬಾಳೆಯ ಹಣ್ಣಿನಂತೆ ಡೊಂಕಾಗಿದ್ದರೆ ಮರವನ್ನು ಬಯ್ಯಬೇಡಿ, ಅರ ಹಿಡಿದವನ ಕೈಯನ್ನು ನೋಡಿ.

ಸರಪಳಿ ಹರಿತವಾಗಿದೆಯೋ ಇಲ್ಲವೋ ಎಂದು ತಿಳಿಯಲು ಅವನಿಗೆ ಎರಡು ಪರೀಕ್ಷೆಗಳಿವೆ. ಮೊದಲನೆಯದು ಹೊಟ್ಟಿನ ಪರೀಕ್ಷೆ. ಹರಿತವಾದ ಸರಪಳಿ ಮರವನ್ನು ಚಕ್ಕೆಚಕ್ಕೆಯಾಗಿ ತೆಗೆದೊಗೆಯುತ್ತದೆ. ಮೊಂಡಾದದ್ದು ಪುಡಿ ಮಾಡುತ್ತದೆ. "ಅವಲಕ್ಕಿ ಬಂದ್ರೆ ಕೊಯ್ತಾ ಹೋಗು, ಹಿಟ್ಟು ಬಂದ್ರೆ ನಿಲ್ಸು" ಎಂಬುದು ಅವನ ಸೂತ್ರ. ಎರಡನೆಯದು ಬೆಳಕಿನ ಪರೀಕ್ಷೆ. ಅದು ನನಗೆ ಬಹಳ ಹಿಡಿಸಿತು. ಹಲ್ಲನ್ನು ಬಿಸಿಲಿಗೆ ತಿರುಗಿಸಿ ನೋಡಿದಾಗ ಅಂಚಿನಲ್ಲಿ ಬೆಳ್ಳಿಯ ಎಳೆಯಂಥ ಹೊಳಪು ಕಂಡರೆ ಅದು ಮೊಂಡು. ಅಂಚು ಸವೆದು ದುಂಡಗಾದ್ದರಿಂದಲೇ ಬೆಳಕು ನಿಲ್ಲಲು ಅಲ್ಲಿ ಜಾಗ ಸಿಕ್ಕಿದೆ. ನಿಜವಾಗಿ ಹರಿತವಾದ ಅಂಚಿನಲ್ಲಿ ಬೆಳಕು ನಿಲ್ಲುವಷ್ಟು ಅಗಲವೇ ಇರುವುದಿಲ್ಲ. ಅದು ಕಪ್ಪಗೆ ಕಾಣುತ್ತದೆ. ಹೊಳೆಯುವುದೆಲ್ಲ ಹರಿತ ಎಂದು ನಂಬಿರುವ ಲೋಕಕ್ಕೆ ಇದನ್ನು ಯಾರಾದರೂ ತಿಳಿಸಬೇಕು.

ಈ ಕೊಕ್ಕಿನ ಆಕಾರದ ಹಲ್ಲು ಎಲ್ಲಿಂದ ಬಂತು ಎಂಬ ಕಥೆಯೂ ಸ್ವಾರಸ್ಯವಾಗಿದೆ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬಾತ ೧೯೨೬ರಲ್ಲಿ ವಿದ್ಯುತ್ತಿನಿಂದ ಓಡುವ ಸರಪಳಿ ಗರಗಸವನ್ನೂ ೧೯೨೯ರಲ್ಲಿ ಪೆಟ್ರೋಲಿನಿಂದ ಓಡುವುದನ್ನೂ ಮಾಡಿದ. ಆ ಕಾಲದ ಮಿಷನ್ನುಗಳನ್ನು ಹಿಡಿಯಲು ಇಬ್ಬರು ಬೇಕಾಗಿತ್ತು. ಸರಪಳಿಯ ಹಲ್ಲು ಮಾತ್ರ ಹಳೆಯ ಕೈಗರಗಸದ ಹಲ್ಲಿನದೇ ಜಾತಿ. ಮರವನ್ನು ಗೀರಿ ಗೀರಿ ಹರಿಯುತ್ತಿತ್ತು, ಅದಕ್ಕೆ ಅರ ಹಾಕಿ ಹಾಕಿ ಕೆಲಸದವನ ಅರ್ಧ ದಿನ ಹೋಗುತ್ತಿತ್ತು. ಅಮೆರಿಕದ ಆರಿಗಾನ್ ಸೀಮೆಯಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನಿದ್ದ. ೧೯೪೬ರಲ್ಲಿ ಒಂದು ದಿನ ಸೌದೆ ಒಡೆಯುತ್ತಿದ್ದಾಗ ಬೊಡ್ಡೆಯೊಳಗೆ ತೋರುಬೆರಳ ಗಾತ್ರದ ಒಂದು ಹುಳು ಅವನ ಕಣ್ಣಿಗೆ ಬಿತ್ತು. ಮರ ಕೊರೆಯುವ ಒಂದು ಜಾತಿಯ ದುಂಬಿಯ ಮರಿ. ಗಟ್ಟಿ ಮರವನ್ನು ಅದು ಬೆಣ್ಣೆಯಂತೆ ತಿನ್ನುತ್ತ ಬೇಕಾದ ದಿಕ್ಕಿಗೆ ಹೋಗುತ್ತಿತ್ತು. ಕಾಕ್ಸ್ ಕುತೂಹಲದಿಂದ ನೋಡಿದ. ಹುಳು ಮರವನ್ನು ಗೀರುತ್ತಿರಲಿಲ್ಲ. ಬಾಗಿದ ಎರಡು ದವಡೆಗಳಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಚಕ್ಕೆ ಎಬ್ಬಿಸುತ್ತಿತ್ತು. ಆ ದವಡೆಯನ್ನೇ ಉಕ್ಕಿನಲ್ಲಿ ಮಾಡಿ, ಒಂದು ಎಡಕ್ಕೆ ಒಂದು ಬಲಕ್ಕೆ ಸರಪಳಿಗೆ ಜೋಡಿಸಿದ. ೧೯೪೭ರಲ್ಲಿ ಪೋರ್ಟ್‌ಲೆಂಡಿನಲ್ಲಿ ಅದರ ಕಾರ್ಖಾನೆ ಆರಂಭವಾಯಿತು. ಇಂದು ಪ್ರಪಂಚದಲ್ಲಿ ಓಡುವ ಸರಪಳಿಗಳೆಲ್ಲ ಬಹುಮಟ್ಟಿಗೆ ಆ ಹುಳುವಿನ ವಂಶದವೇ. ಹುಳುವಿನ ದವಡೆಯನ್ನು ಮಸೆಯುವವರು ಯಾರೂ ಇಲ್ಲ; ಅದೊಂದು ಸೌಕರ್ಯವನ್ನು ಕಾಕ್ಸನಿಗೆ ನಕಲು ಮಾಡಲಾಗಲಿಲ್ಲ. ಆದ್ದರಿಂದ ನಮ್ಮೂರಿನ ಬೊಡ್ಡೆಯ ಮುಂದೆ ನನ್ನ ವಿದ್ಯಾರ್ಥಿ ಕೂರಬೇಕಾಯಿತು.

"ಪೇಟೆಯಲ್ಲಿ ಇದಕ್ಕೂ ಕರೆಂಟಿನ ಸಾಣೆ ಬಂದಿದೆಯಂತಲ್ಲ, ಐದು ನಿಮಿಷದಲ್ಲಿ ಮುಗಿಯುವುದಕ್ಕೆ ಇಷ್ಟು ಹೊತ್ತೇಕೆ?" ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಸಾಣೆಯನ್ನು ಅವನು ತಳ್ಳಿಹಾಕುವುದಿಲ್ಲ. ಕಲ್ಲಿಗೆ ಬಡಿದು ಹಲ್ಲು ತೀರ ಹಾಳಾದರೆ ಅವನೂ ಅಲ್ಲಿಗೆ ಹೋಗುತ್ತಾನೆ. ಆದರೆ ಸಾಣೆ ಹಿಡಿದವನು ಅವಸರದಲ್ಲಿ ಒತ್ತಿದರೆ ಹಲ್ಲು ಕಾದು ನೀಲಿಯಾಗುತ್ತದೆ, ಉಕ್ಕಿನ ಹದ ಕೆಡುತ್ತದೆ. ಮತ್ತೆ, ಅರಕ್ಕೆ ಸಾಕಾಗುವ ಕಡೆ ಸಾಣೆ ನಾಲ್ಕರಷ್ಟು ತಿನ್ನುತ್ತದೆ. "ಅದೂ ಅಲ್ಲದೆ ಮೇಷ್ಟ್ರೇ, ಕಾಡಿನಲ್ಲಿ ಕರೆಂಟು ಯಾರ ಮನೇದು ಕೇಳೋದು?" ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾಡಿನ ನಡುವೆ, ಕರೆಂಟಿಲ್ಲದ ರಾತ್ರಿಯಲ್ಲಿ, ಈ ಜೇಬಿನ ಅರದ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ೨೦೧೯ರ ಆಗಸ್ಟಿನಲ್ಲಿ ಮಲೆನಾಡಿನ ಮೇಲೆ ಸುರಿದ ಮಳೆಯನ್ನು ಇಲ್ಲಿಯವರು ಮರೆತಿಲ್ಲ. ಆಶ್ಲೇಷಾ ಮಳೆ, ಹಗಲು ರಾತ್ರಿಯ ಭೇದವಿರಲಿಲ್ಲ. ಅಂಥ ಒಂದು ರಾತ್ರಿ ನೆರೆಮನೆಯ ಅಜ್ಜಿ ಜಗಲಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಜೀಪಿನ ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿಕೊಂಡು ಶಿವಮೊಗ್ಗದ ಕಡೆ ಹೊರಟೆವು. ಜೊತೆಗೆ ಅವರ ಮಗ, ಸೊಸೆ, ನಾನು. ಮೂರು ಮೈಲಿ ಹೋಗುವುದರೊಳಗೆ ರಸ್ತೆಗೆ ಅಡ್ಡವಾಗಿ ಒಂದು ದೂಪದ ಮರ. ಇಬ್ಬರು ತಬ್ಬುವಷ್ಟು ದಪ್ಪ. ಆಚೆ ಬದಿಯಲ್ಲಿ ಹಾಲಿನ ವ್ಯಾನು, ಈಚೆ ಬದಿಯಲ್ಲಿ ನಾವು. ಹೇಳಿಕಳಿಸಿದ ಅರ್ಧ ಗಂಟೆಗೆ ನನ್ನ ವಿದ್ಯಾರ್ಥಿ ಬೈಕಿನಲ್ಲಿ ಮಿಷನ್ನನ್ನು ಕಟ್ಟಿಕೊಂಡು ಬಂದ. ಸಂಜೆಯಿಂದ ಅದು ಅವನಿಗೆ ನಾಲ್ಕನೆಯ ಮರ.

ಮೊದಲ ಕೊಯ್ತ ಸಲೀಸಾಗಿ ಹೋಯಿತು. ಎರಡನೆಯ ಕೊಯ್ತದ ನಡುವೆ ಕಿಡಿ ಹಾರಿತು. ರಸ್ತೆಬದಿಯ ಮರಕ್ಕೆ ಯಾರು ಯಾವ ಕಾಲದಲ್ಲಿ ಯಾವ ಬೋರ್ಡು ಹೊಡೆದಿದ್ದರೋ. ಬೋರ್ಡು ಹೋಗಿ, ಮರ ಬೆಳೆದು, ಮೊಳೆ ಮಾತ್ರ ಒಳಗೆ ಉಳಿದಿತ್ತು. ಅಲ್ಲಿಂದ ಮುಂದೆ ಮಿಷನ್ನು ಕಿರಿಚಿಕೊಂಡಿತೇ ಹೊರತು ಬಾರು ಇಳಿಯಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಬರಿಯ ಹಿಟ್ಟು. ಇನ್ನೊಂದು ಸರಪಳಿ ಸಂಜೆಯೇ ಬೇರೊಂದು ಮರಕ್ಕೆ ಬಲಿಯಾಗಿತ್ತು. ಹಾಲಿನ ವ್ಯಾನಿನ ಹುಡುಗರು, "ಒತ್ತಿ ಕೊಯ್ಯೋ ಮಾರಾಯ, ಇನ್ನು ಒಂದಡಿ ಅಷ್ಟೆ!" ಎಂದು ಕೂಗಿದರು. ಒಬ್ಬ ತಾನೇ ಒತ್ತುತ್ತೇನೆಂದು ಮುಂದೆ ಬಂದ. ಇವನು ಎಂಜಿನ್ ಆರಿಸಿಬಿಟ್ಟ. ಮಿಷನ್ನನ್ನು ಕೊಯ್ದ ಸೀಳಿನಲ್ಲೇ ಭದ್ರಪಡಿಸಿ ಕುಕ್ಕರುಗಾಲಿನಲ್ಲಿ ಕೂತು, "ಒತ್ತಿದ್ರೆ ಬೆಳಗಾಗ್ತದೆ. ಯಾರಾದ್ರೂ ಕೊಡೆ ಹಿಡೀರಿ, ಯಾರಾದ್ರೂ ಟಾರ್ಚು ಹಿಡೀರಿ" ಎಂದ.

ಆ ಇಪ್ಪತ್ತು ನಿಮಿಷ ಬಹಳ ಉದ್ದವಾಗಿತ್ತು. ಜೀಪಿನೊಳಗೆ ಅಜ್ಜಿಯ ನರಳಾಟ, ಹೊರಗೆ ಮಳೆ, ಮಳೆಯ ನಡುವೆ ಆ ಸಣ್ಣ ಸದ್ದು, ಮೂರು ಸಲ, ಮತ್ತೆ ಮೂರು ಸಲ. ಅಜ್ಜಿಯ ಮಗ ತಡೆಯಲಾರದೆ, "ಇದೇನು ಈಗ ಕೂತು ಉಜ್ಜೋ ಹೊತ್ತಾ?" ಎಂದು ಬಾಗಿಲು ತೆಗೆದ. ಆಗ ಒಳಗಿನಿಂದ ಅಜ್ಜಿಯ ದನಿ ಕೇಳಿತು: "ಅರ ಹಾಕೋ ಶಬ್ದ ಅಲ್ವೇನೋ ಅದು? ಹಾಕ್ಲಿ ಬಿಡು. ನಿಮ್ಮಪ್ಪಯ್ಯನೂ ಹಾಕ್ತಿದ್ರು. ಆವಾಗ ಮಾತಾಡ್ಸಿದ್ರೆ ಅವ್ರಿಗೆ ಸಿಟ್ಟು ಬರ್ತಿತ್ತು."

ಅಜ್ಜಿಯ ಗಂಡ ಮರ ಕೊಯ್ಯುವವರಾಗಿದ್ದುದು ನನಗೂ ನೆನಪಿಗೆ ಬಂತು. ಮಿಷನ್ನಿಲ್ಲದ ಕಾಲ. ದಿಮ್ಮಿಯನ್ನು ಎತ್ತರದ ಅಟ್ಟಣೆಯ ಮೇಲೇರಿಸಿ, ಒಬ್ಬ ಮೇಲೆ ನಿಂತು, ಒಬ್ಬ ಕೆಳಗೆ ನಿಂತು, ಆಳುದ್ದದ ಗರಗಸವನ್ನು ಎಳೆಯುತ್ತಿದ್ದರು. ಕೆಳಗಿನವನ ಕಣ್ಣಿಗೆ, ಮೂಗಿಗೆ ಹೊಟ್ಟು. ಹೊತ್ತಾರೆ ಅವರ ಮೊದಲ ಕೆಲಸ ಗರಗಸವನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಂಡು ಅರ ಹಾಕುವುದು, ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿಸುವುದು. ಆ ಹೆಣ್ಣುಮಗಳು ಎಷ್ಟು ಬೆಳಗುಗಳಲ್ಲಿ ಒಲೆಯ ಮುಂದೆ ಕೂತು ಈ ಸದ್ದನ್ನು ಕೇಳಿದ್ದರೋ! ಆಮೇಲೆ ಜೀಪಿನಲ್ಲಿ ನರಳಾಟ ನಿಲ್ಲಲಿಲ್ಲ. ಆದರೆ ಮಗ ಬಾಗಿಲು ಮುಚ್ಚಿ ಸುಮ್ಮನೆ ಕೂತ.

ಅರ ಮುಗಿದ ಮೇಲೆ ಮಿಷನ್ನು ಕೂಗಿತು. ಟಾರ್ಚಿನ ಬೆಳಕಿನಲ್ಲಿ ಅವಲಕ್ಕಿ ಹಾರಿತು. ಉಳಿದ ಒಂದಡಿಯನ್ನೂ ಆಮೇಲಿನ ಇನ್ನೊಂದು ಕೊಯ್ತವನ್ನೂ ಮುಗಿಸಲು ಹತ್ತು ನಿಮಿಷ ಹಿಡಿಯಲಿಲ್ಲ. ತುಂಡನ್ನು ಎಲ್ಲರೂ ಸೇರಿ ಉರುಳಿಸಿದೆವು. ಬೆಳಗಿನ ಜಾವಕ್ಕೆ ಅಜ್ಜಿ ಆಸ್ಪತ್ರೆಯಲ್ಲಿದ್ದರು. ಕೋಲು ಊರಿಕೊಂಡು ಅವರು ಇನ್ನೂ ಎರಡು ವರ್ಷ ನಮ್ಮ ಕೇರಿಯಲ್ಲಿ ಓಡಾಡಿದರು.

ಒತ್ತಬಾರದು ಎಂದು ಅವನು ಹಟ ಹಿಡಿದದ್ದು ಹೊತ್ತಿನ ಲೆಕ್ಕದಿಂದ ಮಾತ್ರವಲ್ಲ. ಹರಿತವಾದ ಸರಪಳಿ ಮಿಷನ್ನಿನ ಭಾರಕ್ಕೇ ಮರದೊಳಗೆ ಇಳಿಯುತ್ತದೆ. ಹಿಡಿದವನು ದಾರಿ ತೋರಿಸಿದರೆ ಸಾಕು. ಮೊಂಡಾದಾಗ ಮನುಷ್ಯ ತನ್ನ ಮೈಭಾರ ಹಾಕುತ್ತಾನೆ. ಬಾರು ಕಾಯುತ್ತದೆ, ತೋಳು ಸೋಲುತ್ತದೆ, ಕಾಲು ಜಾರುತ್ತದೆ. ಸೆಕೆಂಡಿಗೆ ಸುಮಾರು ೨೦ ಮೀಟರು ಓಡುವ ಹಲ್ಲುಗಳ ಮುಂದೆ ಹೀಗೆ ಮೈಚೆಲ್ಲಿ ನಿಲ್ಲುವುದೆಂದರೇನು ಎಂದು ವಿವರಿಸಬೇಕಾಗಿಲ್ಲ. ಬಾರಿನ ಮೂತಿಯ ಮೇಲ್ಭಾಗ ಎಲ್ಲಿಗಾದರೂ ತಗುಲಿದರೆ ಮಿಷನ್ನು ಕಣ್ಣುಮುಚ್ಚುವುದರೊಳಗೆ ಹಿಡಿದವನ ಮುಖದ ಕಡೆಗೇ ಎಗರುತ್ತದೆ. ಪಕ್ಕದ ಊರಿನಲ್ಲಿ ಒಬ್ಬನ ಭುಜದ ಮೇಲೆ ಅಂಥ ಒಂದು ಗಾಯದ ಗುರುತಿದೆ. ಅವನು ಬದುಕಿದ್ದೇ ಹೆಚ್ಚು.

ಇಲ್ಲಿ ಆ ಸರಪಳಿಯ ಇನ್ನೊಂದು ಅಂಗವನ್ನು ಹೇಳದಿದ್ದರೆ ಕಥೆ ಅರ್ಧವಾದೀತು. ಪ್ರತಿಯೊಂದು ಹಲ್ಲಿನ ಮುಂದೆಯೂ ಮೊಂಡಾದ ಒಂದು ಗುಬುಟು ಇದೆ. ಅದು ಏನನ್ನೂ ಕೊಯ್ಯುವುದಿಲ್ಲ. ಹಲ್ಲಿಗಿಂತ ಕೂದಲಷ್ಟು, ಅಂದರೆ ೦.೬೫ ಮಿಲಿಮೀಟರು, ತಗ್ಗಾಗಿರುತ್ತದೆ. ಮರದ ಮೇಲೆ ಮೊದಲು ಇದು ಜಾರುತ್ತದೆ. ಹಿಂದೆ ಬರುವ ಹಲ್ಲಿಗೆ, "ಇಷ್ಟೇ ತಿನ್ನು, ಇದಕ್ಕಿಂತ ಆಳಕ್ಕೆ ಹೋಗಬೇಡ" ಎಂದು ಹೇಳುವುದೇ ಇದರ ಕೆಲಸ. ಅರ ಹಾಕಿ ಹಾಕಿ ಹಲ್ಲು ಸವೆದಂತೆ ಅದರ ಎತ್ತರವೂ ತಗ್ಗುತ್ತದೆ. ಆದ್ದರಿಂದ ಮೂರು ನಾಲ್ಕು ಸಲಕ್ಕೊಮ್ಮೆ ಗುಬುಟನ್ನೂ ಚಪ್ಪಟೆ ಅರದಿಂದ ಅಷ್ಟೇ ತಗ್ಗಿಸಬೇಕು, ಅಳತೆಯ ಪಟ್ಟಿಯಿಟ್ಟು. ಆಸೆಬುರುಕರು ಒಮ್ಮೆಗೇ ಬಹಳ ತಗ್ಗಿಸಿಬಿಡುತ್ತಾರೆ. ಆಗ ಹಲ್ಲು ದೊಡ್ಡ ತುತ್ತು ತೆಗೆಯುತ್ತದೆ. ಮೊದಲ ಗಳಿಗೆಯಲ್ಲಿ ಮಿಷನ್ನಿಗೆ ಹೊಸ ಬಲ ಬಂದಂತೆ ತೋರುತ್ತದೆ. ಮರುಗಳಿಗೆಯಲ್ಲಿ ಅದು ನಡುಗುತ್ತದೆ, ಕಚ್ಚಿಕೊಂಡು ನಿಲ್ಲುತ್ತದೆ, ಎಗರುತ್ತದೆ. ಹೆಚ್ಚು ಕೊಯ್ಯುವ ಆಸೆಯಿಂದ ತಡೆಯನ್ನು ತೆಗೆದವನನ್ನು ಮಿಷನ್ನು ಮರಕ್ಕಿಂತ ಮೊದಲು ಕೊಯ್ಯುತ್ತದೆ.

ನನ್ನ ಮಿತ್ರರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು, "ಕಾಡು ಕಡಿಯುವ ಹಲ್ಲಿಗೆ ಇಷ್ಟು ಸ್ತೋತ್ರವೇ?" ಎಂದರು. ಪ್ರಶ್ನೆ ನ್ಯಾಯವಾದದ್ದು. ಇಬ್ಬರು ದಿನವಿಡೀ ಎಳೆಯುತ್ತಿದ್ದ ಗರಗಸದ ಕೆಲಸವನ್ನು ಈ ಮಿಷನ್ನು ಎಲೆಯಡಿಕೆ ಹಾಕಿಕೊಳ್ಳುವುದರೊಳಗೆ ಮುಗಿಸುತ್ತದೆ; ನೂರು ವರ್ಷದ ಮರಕ್ಕೆ ಐದು ನಿಮಿಷ. ಹಲ್ಲು ಇಷ್ಟು ಹರಿತವಾದಾಗ ಅದರ ಮುಂದೆ ತಡೆಯೂ ಅಷ್ಟೇ ಗಟ್ಟಿಯಾಗಿರಬೇಕು. ೧೯೭೬ರ ನಮ್ಮ ವೃಕ್ಷ ಸಂರಕ್ಷಣೆಯ ಕಾಯಿದೆ ಅಂಥ ಒಂದು ಗುಬುಟು. ಕಾಯಿದೆ ಬಿಟ್ಟುಕೊಟ್ಟ ಕೆಲವು ಜಾತಿಗಳನ್ನುಳಿದು, ಸ್ವಂತ ಹಿತ್ತಲಿನ ಮರವಾದರೂ ಕಡಿಯಲು ಅನುಮತಿ ಬೇಕು. ಅದನ್ನು ಅರ ಹಾಕಿ ತಗ್ಗಿಸಲು ನೋಡುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ನನ್ನ ವಿದ್ಯಾರ್ಥಿ ಕಾಗದ ನೋಡದೆ ಹಗ್ಗ ಎಳೆಯುವುದಿಲ್ಲ. ಅದರಿಂದ ಅವನಿಗೆ ಒಂದೆರಡು ಒಳ್ಳೆಯ ಗಿರಾಕಿಗಳು ತಪ್ಪಿಹೋಗಿದ್ದಾರೆ. "ಗುಬುಟು ತೆಗ್ದು ಕೊಯ್ಯೋದು ನಂಗಾಗಲ್ಲ ಮೇಷ್ಟ್ರೇ" ಎಂದಷ್ಟೇ ಹೇಳುತ್ತಾನೆ.

ಅವನ ಶಾಸ್ತ್ರದಲ್ಲಿ ಇನ್ನೊಂದು ನಿಯಮವಿದೆ. ಕಲ್ಲಿಗೋ ಮೊಳೆಗೋ ಬಡಿದು ಒಂದು ಹಲ್ಲು ಮುಕ್ಕಾದರೆ ಅದನ್ನು ಸರಿಪಡಿಸುವಾಗ ಅದು ಗಿಡ್ಡವಾಗುತ್ತದೆ. ಆಗ ಉಳಿದ ೩೫ ಹಲ್ಲುಗಳನ್ನೂ ಅರ ಹಾಕಿ ಆ ಗಿಡ್ಡನ ಉದ್ದಕ್ಕೆ ತರಬೇಕು. ಒಂದು ಉದ್ದ ಒಂದು ಗಿಡ್ಡವಾದರೆ ಉದ್ದನೆಯದೇ ಎಲ್ಲ ಕೆಲಸವನ್ನೂ ಮೈಮೇಲೆಳೆದುಕೊಂಡು ಬೇಗ ಸಾಯುತ್ತದೆ, ಗಿಡ್ಡನೆಯದು ಸುಮ್ಮನೆ ಸುತ್ತುತ್ತಿರುತ್ತದೆ. ಎಲ್ಲರಿಗೂ ಅಳತೆ ಗಿಡ್ಡನದು. ಶಾಲೆಗಳಲ್ಲಿ ಅಳತೆಗೋಲು ಮೊದಲ ಬೆಂಚಿನಲ್ಲಿರುತ್ತದೆ. ಹಿಂದಿನ ಬೆಂಚಿನಿಂದ ಬಂದವನಾದ್ದರಿಂದ ಈ ನ್ಯಾಯ ಅವನಿಗೆ ಸಹಜವಾಗಿ ಒಪ್ಪಿಗೆಯಾಗಿರಬೇಕು.

ಹಲ್ಲಿನ ಹಿಂಭಾಗದಲ್ಲಿ ಕಾರ್ಖಾನೆಯವರು ಓರೆಯಾಗಿ ಒಂದು ಗೀಟು ಎಳೆದಿರುತ್ತಾರೆ. ಅರ ಹಾಕುತ್ತ ಹಾಕುತ್ತ ಹಲ್ಲು ಆ ಗೀಟಿಗೆ ಬಂದು ಮುಟ್ಟಿದರೆ ಸರಪಳಿಯ ಆಯುಸ್ಸು ತೀರಿತು. ಅಲ್ಲಿಯವರೆಗೆ ಬದುಕುವ ಸರಪಳಿಗಳು ಕಡಮೆ. ಬಹಳಷ್ಟು ನಡುಹರೆಯದಲ್ಲಿಯೇ ಮಣ್ಣಿಗೆ, ಕಲ್ಲಿಗೆ, ತಂತಿಬೇಲಿಗೆ, ಅವಸರಕ್ಕೆ ಸಿಕ್ಕಿ ಹೋಗುತ್ತವೆ. ಮೊನ್ನೆ ಅವನ ಕೊಟ್ಟಿಗೆಗೆ ಹೋಗಿದ್ದೆ. ಗೋಡೆಯ ಗೂಟದಲ್ಲಿ ಹತ್ತಾರು ಹಳೆಯ ಸರಪಳಿಗಳು ನೇತಾಡುತ್ತಿದ್ದುವು. ಒಂದೊಂದನ್ನೇ ಎತ್ತಿ ತೋರಿಸಿದ: "ಇದು ಕಲ್ಲು ತಿಂದದ್ದು. ಇದು ಮೊಳೆ ತಿಂದದ್ದು. ಇದನ್ನ ಹುಡುಗ್ರ ಕೈಗೆ ಕೊಟ್ಟಿದ್ದೆ." ಕೊನೆಯದೊಂದನ್ನು ಬೇರೆಯಾಗಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ. "ಇದು ಮಾತ್ರ ಅರಾನೇ ತಿಂದದ್ದು ಮೇಷ್ಟ್ರೇ. ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ" ಎಂದು ನನ್ನ ಕೈಗಿಟ್ಟ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂವತ್ತಾರು ಹಲ್ಲುಗಳೂ ಉಗುರಿನ ಚೂರಿನಷ್ಟು ಗಿಡ್ಡವಾಗಿ, ಒಂದೇ ಉದ್ದವಾಗಿ, ಗೀಟಿನ ಅಂಚಿಗೆ ಬಂದು ನಿಂತಿದ್ದುವು. ಅಂಚಿನಲ್ಲಿ ಎಲ್ಲಿಯೂ ಹೊಳಪಿರಲಿಲ್ಲ. ಹೆಬ್ಬೆರಳಿನಿಂದ ಒಂದನ್ನು ಮೆಲ್ಲಗೆ ಸವರಿ, ಕೈಯನ್ನು ಬೇಗ ಹಿಂದಕ್ಕೆಳೆದುಕೊಂಡೆ.